ಕಾಗುಣಿತ ಬಾಯಿಗೆ ಬಂದರೆ ಓದು ಬಂದಂತಲ್ಲ: ಒಂದನೇ ತರಗತಿಯ ಕನ್ನಡ ಪಾಠ ರೂಪಿಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಒಂದರಿಂದ ಮೂರನೇ ತರಗತಿಯ ಕನ್ನಡ ಪಠ್ಯ, ಅಭ್ಯಾಸ ಪುಸ್ತಕ, ಶಿಕ್ಷಕರ ತರಬೇತಿ, ಮಕ್ಕಳ ಮೌಲ್ಯಮಾಪನ ಇವೆಲ್ಲ ಹೇಗಿರಬೇಕೆಂದು ತೀರ್ಮಾನಿಸುವ ನಿಮ್ಮೆಲ್ಲರಿಗೂ ಈ ಪತ್ರ. ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನ ಬೋಧಕರು, ಶಾಲೆಗಳ ಗುಂಪಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿಗಳು, ದಿನವೂ ಮಕ್ಕಳ ಎದುರು ಕೂರುವ ಶಿಕ್ಷಕರು, ಮನೆಯಲ್ಲಿ ಓದಿಸುವ ತಂದೆ ತಾಯಂದಿರು ಸಹ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇವೆ.

ಎರಡನೇ ತರಗತಿಯ ಯಾವುದಾದರೂ ಮಗುವಿಗೆ 'ಕ' ಕಾಗುಣಿತ ಹೇಳು ಎನ್ನಿ. 'ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ' ಎಂದು ರಾಗವಾಗಿ ಶುರು ಮಾಡಿ 'ಕಂ, ಕಃ' ವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತದೆ. ಆಮೇಲೆ ಒಂದು ಚೀಟಿಯಲ್ಲಿ ಬರೀ 'ಕೂ' ಎಂದು ಬರೆದು ತೋರಿಸಿ. ಎಷ್ಟೋ ಮಕ್ಕಳು ಬೆರಳು ಮಡಚುತ್ತಾ ಕ, ಕಾ, ಕಿ, ಕೀ ಎಂದು ಮೊದಲಿನಿಂದ ಹೇಳಿಕೊಂಡು ಬಂದು 'ಕೂ' ಹತ್ತಿರ ತಡೆದು ನಿಲ್ಲುತ್ತಾರೆ. ಕೆಲವರು ಅದನ್ನೂ ದಾಟಿ 'ಕೆ'ಗೆ ಹೋಗಿಬಿಡುತ್ತಾರೆ. ಆ ಮಗುವಿಗೆ ಗೊತ್ತಿರುವುದು ಒಂದು ಸಾಲು. ಸಾಲಿನೊಳಗಿನ ಒಂದು ಗುರುತಿಗೂ ಒಂದು ಸದ್ದಿಗೂ ಇರುವ ನಂಟು ಅದಕ್ಕೆ ಸಿಕ್ಕಿಲ್ಲ. ಆ ನಂಟನ್ನು ದಿನಕ್ಕಿಷ್ಟು ಎಂದು, ಸರಿಯಾದ ಕ್ರಮದಲ್ಲಿ, ನೇರವಾಗಿ ಕಲಿಸುವುದೇ ಫೋನಿಕ್ಸ್. ಹೆಸರು ಇಂಗ್ಲಿಷಿನದಾದರೂ ಕೆಲಸ ಯಾವ ಲಿಪಿಗೂ ಒಂದೇ: ಸದ್ದನ್ನು ಕಿವಿಯಿಂದ ಬಿಡಿಸುವುದು, ಗುರುತಿಗೆ ಕಟ್ಟುವುದು, ಮತ್ತೆ ಕೂಡಿಸಿ ಪದ ಮಾಡುವುದು.

'ಕನ್ನಡಕ್ಕೆ ಫೋನಿಕ್ಸ್ ಯಾಕೆ? ಬರೆದಂತೆ ಓದುವ ಭಾಷೆಯಲ್ಲವೇ ನಮ್ಮದು' ಎಂಬ ಮಾತು ತರಬೇತಿಗಳಲ್ಲಿ ತಪ್ಪದೆ ಬರುತ್ತದೆ. ಬರೆದಂತೆ ಓದುವ ಭಾಷೆ ನಿಜ. ಆದರೆ ಬರೆದಿರುವುದನ್ನು ಬಿಡಿಸುವುದು ಹೇಗೆಂದು ಯಾರಾದರೂ ತೋರಿಸಿಕೊಡಬೇಕಲ್ಲ. 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಅಕ್ಷರ. ಕಾಗುಣಿತದ ಪಟ್ಟಿ ಹಾಕಿದರೆ 34 ವ್ಯಂಜನಕ್ಕೆ ತಲಾ 15ರಂತೆ 510 ರೂಪ. ಒತ್ತಕ್ಷರ ಸೇರಿದರೆ ಸಾವಿರ ದಾಟುತ್ತದೆ. ಇದನ್ನೆಲ್ಲ ಒಂದೊಂದು ಚಿತ್ರದಂತೆ ನೆನಪಿಟ್ಟುಕೊಳ್ಳಲು ಆರು ವರ್ಷದ ಮಗುವಿನಿಂದ ಆಗದು. ಕನ್ನಡ ಕಲಿಯುವ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ: ಅಕ್ಷರ ಕಲಿಕೆ ಒಂದು ವರ್ಷದಲ್ಲಿ ಮುಗಿಯದೆ ಮೂರು ನಾಲ್ಕನೇ ತರಗತಿವರೆಗೂ ನಡೆಯುತ್ತದೆ, ಅಕ್ಷರದೊಳಗಿನ ಬಿಡಿ ಸದ್ದಿನ ಅರಿವು ಇನ್ನೂ ನಿಧಾನವಾಗಿ ಬರುತ್ತದೆ. ಇಂಥ ಲಿಪಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಕ್ರಮ.

ಕ್ರಮದ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ, ವರ್ಣಮಾಲೆಯ ಸಾಲು ಮುರಿದು ರ, ಗ, ಸ, ದ, ಅ ಎಂದು ಆರಂಭಿಸುವ ಧೈರ್ಯ ಮಾಡಿತು. ಅದರ ಹಿಂದಿನ ಬುದ್ಧಿ ದೊಡ್ಡದು. 'ಅ ಆ ಇ ಈ' ಎಂದು ಹೊರಟರೆ ತಿಂಗಳಾದರೂ ಮಗು ಒಂದು ಪದ ಓದಲಾರದು, ಏಕೆಂದರೆ ಸ್ವರಾಕ್ಷರಗಳು ಪದದ ಮೊದಲಲ್ಲಿ ಬಿಟ್ಟರೆ ಬೇರೆಲ್ಲೂ ಹಾಗೆ ಬರುವುದೇ ಅಪರೂಪ. ರ, ಗ, ಸ, ದ, ಅ ಐದು ಬಂದರೆ ಸಾಕು, ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಎರಡನೇ ವಾರದಲ್ಲಿ ಮಗು 'ನಾನೇ ಓದಿದೆ' ಎನ್ನುತ್ತದೆ.

ಆದರೆ ಅಲ್ಲಿಂದ ಮುಂದೆ ಎಷ್ಟೋ ತರಗತಿಗಳಲ್ಲಿ ಗಾಡಿ ಹಳೇ ಜಾಡಿಗೇ ಬೀಳುತ್ತದೆ. ಮೂಲಾಕ್ಷರ ಎಲ್ಲ ಮುಗಿಯಲಿ, ಆಮೇಲೆ ಕಾಗುಣಿತ, ಅದೂ ಮುಗಿದ ಮೇಲೆ ಒತ್ತು ಎಂದು ಮೂರು ಗೋಡೆ ಎಬ್ಬಿಸುತ್ತೇವೆ. ಮೊದಲ ಗೋಡೆಯ ಈಚೆ ಇರುವಷ್ಟು ಕಾಲ ಮಗುವಿಗೆ ಸಿಗುವುದು ಇಳಿ, ಕೊಂಬಿನಂಥ ಗುರುತು ಸೇರದ ಪದಗಳು ಮಾತ್ರ. ಅವುಗಳಲ್ಲಿ ಮಗು ಆಡುವ ಮಾತೇ ಇರುವುದಿಲ್ಲ. ನಾನು, ನೀನು, ಅದು, ಇದು, ಮನೆ, ಬಾ, ನೋಡು, ಮಾಡು ಇವ್ಯಾವುವನ್ನೂ ಬರೀ ಮೂಲಾಕ್ಷರದಲ್ಲಿ ಬರೆಯಲಾಗದು. ಅದಕ್ಕೇ ಅಭ್ಯಾಸ ಪುಸ್ತಕದ ಮೊದಲ ಪುಟಗಳಲ್ಲಿ ಮಗುವಿಗೆ ಅರ್ಥವಾಗದ ಮೂರಕ್ಷರದ ಪದಗಳು ತುಂಬಿಕೊಳ್ಳುತ್ತವೆ.

ನಮ್ಮ ಮೊದಲ ಕೋರಿಕೆ ಇಲ್ಲಿದೆ. ರ, ಗ, ಸ, ದ, ಅ ಆದ ಮೇಲೆ ಮ, ನ, ಬ, ವ, ಜ ಐದನ್ನು ಸೇರಿಸಿ. ಹತ್ತು ಅಕ್ಷರಕ್ಕೆ ನಿಲ್ಲಿಸಿ, ಗುರುತುಗಳನ್ನು ಒಳಕ್ಕೆ ತನ್ನಿ. ಮೊದಲು ಇಳಿ: ಬಾ, ದಾರ, ವಾರ, ಮಾವ, ರಾಜ. ಆಮೇಲೆ ಗುಡಿಸು: ನರಿ, ಮರಿ, ದಾರಿ, ಬಾವಿ. ಕೊಂಬು: ನಾನು, ಅದು, ಅವನು, ಮಗು, ನಗು. ಏತ್ವ: ಮನೆ, ಬರೆ. ಇವುಗಳ ಜೊತೆಗೆ ಒಂದು ಸೊನ್ನೆ. ಇಷ್ಟಾದರೆ 'ಮಗು, ಬಾ. ಅದು ಮರ. ಮರದಿಂದ ಮಂಗ ಬಂದಿದೆ.' ಎಂಬುದನ್ನು ಮಗು ಯಾರ ನೆರವೂ ಇಲ್ಲದೆ ಓದುತ್ತದೆ. ಹತ್ತು ಅಕ್ಷರ, ನಾಲ್ಕು ಗುರುತು, ಒಂದು ಸೊನ್ನೆ, ಅಷ್ಟೇ. ವಾರಕ್ಕೆ ಮೂರು ಹೊಸ ಕಲಿಕೆ, ಒಂದು ದಿನ ಪೂರ್ತಿ ಪುನರಾವರ್ತನೆ ಎಂದು ಹಿಡಿದರೂ ಐದಾರು ವಾರದ ಕೆಲಸ. ಸೊನ್ನೆಯ ಸದ್ದು 'ಬಂದ'ದಲ್ಲಿ ಒಂದು, 'ಮಂಗ'ದಲ್ಲಿ ಇನ್ನೊಂದು, 'ಅಂಬರ'ದಲ್ಲಿ ಮತ್ತೊಂದು ಎಂದು ಮಗುವಿಗೆ ವಿವರಿಸುವುದು ಬೇಡ. ಪದ ಹೇಳುವಾಗ ಅದರ ಬಾಯಿ ತಾನಾಗಿ ಸರಿಯಾದ ಕಡೆ ಹೋಗುತ್ತದೆ.

ಗುರುತು ಕಲಿಸುವಾಗ 'ಕ'ಯಿಂದ 'ಳ'ವರೆಗೆ ಪ್ರತಿ ವ್ಯಂಜನಕ್ಕೂ ಹದಿನೈದು ರೂಪದ ಸಾಲು ಬರೆಸುವುದನ್ನು ಕೈಬಿಡಿ. ಸಾಲನ್ನು ಅಡ್ಡಕ್ಕೆ ಕಲಿಸುವ ಬದಲು ಉದ್ದಕ್ಕೆ ಕಲಿಸಿ. ಇವತ್ತು ಗುಡಿಸು ಎಂದರೆ ರಿ, ಗಿ, ಸಿ, ದಿ, ಮಿ, ನಿ, ಬಿ, ವಿ, ಜಿ. ಗುಡಿಸು ಎಲ್ಲಿ ಕಂಡರೂ 'ಇ' ಸದ್ದು ಎಂಬುದು ಆಗ ಮಗುವಿನ ಕಣ್ಣಿಗೆ ಬೀಳುತ್ತದೆ. ಮರುದಿನ ಹೊಸ ವ್ಯಂಜನ ಒಂದನ್ನು ಕೊಟ್ಟು, 'ಇದಕ್ಕೆ ಗುಡಿಸು ಹಾಕಿದರೆ ಏನಾಗುತ್ತದೆ?' ಎಂದು ಕೇಳಿ. ಹೇಳಿಕೊಡದ ಅಕ್ಷರವನ್ನು ಮಗು ತಾನೇ ಓದಿದರೆ ಅದಕ್ಕೆ ಒಳಗಿನ ಲೆಕ್ಕ ಸಿಕ್ಕಿತು ಎಂದರ್ಥ. 510 ರೂಪಗಳ ಹೊರೆ 34 ವ್ಯಂಜನ ಮತ್ತು 14 ಗುರುತುಗಳಿಗೆ ಇಳಿಯುವುದು ಹೀಗೆ. ಆ 14ರಲ್ಲೂ ನಿಜವಾಗಿ ಹೊಸದು ಕಡಿಮೆ. ದೀರ್ಘದ ಗುರುತು ಒಂದೇ; ಕಿ ಪಕ್ಕ ಬಂದರೆ ಕೀ, ಕೆ ಪಕ್ಕ ಬಂದರೆ ಕೇ, ಕೊ ಪಕ್ಕ ಬಂದರೆ ಕೋ. ಇದನ್ನು ಒಂದು ಸಲ ಬಾಯಿ ಬಿಟ್ಟು ಹೇಳಿಕೊಟ್ಟರೆ ಮೂರು ಸಾಲು ಒಟ್ಟಿಗೆ ಮುಗಿಯಿತು. 'ಕೊ' ಮಾತ್ರ ಕಾಡುತ್ತದೆ, ಏಕೆಂದರೆ ಅದರಲ್ಲಿ 'ಕೆ'ಯ ತಲೆಯೂ ಇದೆ, 'ಕೂ'ನ ಬಾಲವೂ ಇದೆ. ಮಗು 'ಕೆಊ' ಎಂದು ಓದಿದರೆ ಅದು ದಡ್ಡತನವಲ್ಲ, ಕಂಡದ್ದನ್ನು ಕಂಡಂತೆ ಓದಿದೆ. ಎರಡೂ ಸೇರಿದರೆ 'ಒ' ಎಂದು ಬೇರೆಯಾಗಿ ತಿಳಿಸಬೇಕು. ಹಾಗೆಯೇ 'ಪು', 'ವು'ಗಳಲ್ಲಿ ಕೊಂಬು ಪಕ್ಕಕ್ಕೆ ಬಾರದೆ ಬುಡಕ್ಕೆ ಸೇರುತ್ತದೆ, ಇಲ್ಲದಿದ್ದರೆ 'ವು' ನೋಡಲು 'ಮ' ಆಗಿಬಿಡುತ್ತಿತ್ತು. ಪಠ್ಯದಲ್ಲಿ ಇದಕ್ಕೆ ಒಂದು ಪುಟ ಬೇರೆಯೇ ಬೇಕು.

ತಲೆಕಟ್ಟಿನ ಮಾತೂ ಹೇಳಬೇಕು. 'ಕ'ದ ಮೇಲಿನ ತಲೆಕಟ್ಟೇ 'ಅ' ಸದ್ದಿನ ಗುರುತು. ಅದನ್ನು ತೆಗೆದು ಗುಡಿಸು ಇಟ್ಟರೆ 'ಕಿ', ಏತ್ವ ಇಟ್ಟರೆ 'ಕೆ', ಏನೂ ಸ್ವರ ಬೇಡವೆಂದರೆ 'ಕ್'. ಈ ಒಂದು ಮಾತು ಗೊತ್ತಾದ ಮಗುವಿಗೆ ಕಾಗುಣಿತ ಬದಲಿಸಿ ಆಡುವ ಆಟದಂತೆ ಕಾಣುತ್ತದೆ. ಖ, ಙ, ಜ, ಞ, ಟ, ಣ, ಬ, ಲ ಎಂಟಕ್ಕೆ ತಲೆಕಟ್ಟಿಲ್ಲ. ಅವುಗಳ ಗುಡಿಸು, ಏತ್ವಗಳನ್ನು ತಲೆಕಟ್ಟಿನ ಅಕ್ಷರಗಳು ಗಟ್ಟಿಯಾದ ಮೇಲೆ ನಿಧಾನವಾಗಿ ತೋರಿಸಿದರೆ ಗೊಂದಲವಿಲ್ಲ. ನಮ್ಮ ಮೊದಲ ಹತ್ತರಲ್ಲಿ ಬ ಮತ್ತು ಜ ಇರುವುದರಿಂದ ಬಿ, ಜಿ ತೋರಿಸುವ ದಿನ ಶಿಕ್ಷಕರು ಐದು ನಿಮಿಷ ಹೆಚ್ಚು ಇಟ್ಟುಕೊಳ್ಳಬೇಕಾಗುತ್ತದೆ.

ಇನ್ನು ಓದಿಸುವ ರೀತಿ. ತರಗತಿಗಳಲ್ಲಿ ಅತಿ ಹೆಚ್ಚು ಕಾಣುವ, ಅತಿ ಕಡಿಮೆ ಗಮನಕ್ಕೆ ಬರುವ ತಪ್ಪು ಇದು. 'ನಾನು' ಎಂಬ ಪದ ಎದುರಿಗಿದ್ದರೆ ಮಗು 'ನ ಇಳಿ ನಾ, ನ ಕೊಂಬು ನು, ನಾನು' ಎನ್ನುತ್ತದೆ. ಎರಡಕ್ಷರಕ್ಕೆ ಇದು ನಡೆಯುತ್ತದೆ. 'ಪುಸ್ತಕ' ಬಂದಾಗ 'ಪ ಕೊಂಬು ಪು, ಸಕ್ಕೆ ತ ಒತ್ತು ಸ್ತ, ಕ' ಎನ್ನುವಷ್ಟರಲ್ಲಿ 'ಪು' ಮರೆತುಹೋಗಿರುತ್ತದೆ. ಇಳಿ, ಕೊಂಬು ಎಂಬ ಹೆಸರುಗಳು ಬರೆಯುವಾಗ ಕೈಗೆ ದಾರಿ ತೋರಿಸಲು ಇರುವಂಥವು. ಓದುವಾಗ ಅವು ನಾಲಿಗೆಗೆ ಬರಕೂಡದು. ಓದುವಾಗ ಬರುವುದು ಸದ್ದು ಮಾತ್ರ: ನಾ, ನು, ನಾನು. ಒಂದನೇ ದಿನದಿಂದಲೇ ಈ ಶಿಸ್ತು ಇಟ್ಟುಕೊಂಡರೆ ಎರಡನೇ ತರಗತಿಯ ನಿಧಾನ ಓದಿನ ಎಷ್ಟೋ ಪಾಲು ಹುಟ್ಟುವುದೇ ಇಲ್ಲ.

ಕೂಡಿಸುವುದಕ್ಕೂ ಒಂದು ರೀತಿ ಇದೆ. 'ಗ, ರ, ಗ, ಸ' ಎಂದು ನಾಲ್ಕನ್ನೂ ಬಿಡಿಬಿಡಿಯಾಗಿ ಹೇಳಿಸಿ 'ಈಗ ಸೇರಿಸು' ಎಂದರೆ ಮಗು ಕೊನೆಯ ಎರಡನ್ನು ಹಿಡಿದು 'ಗಸ' ಎನ್ನುತ್ತದೆ. ಮೊದಲಕ್ಷರ ಕೈಜಾರಿರುತ್ತದೆ. ಅದರ ಬದಲು ಗ, ಗರ, ಗರಗ, ಗರಗಸ ಎಂದು ಒಂದರ ಬೆನ್ನಿಗೆ ಒಂದನ್ನು ಕಟ್ಟುತ್ತಾ ಹೋಗಲಿ. ಶಿಕ್ಷಕರ ಕೈ ಉಳಿದ ಅಕ್ಷರಗಳನ್ನು ಚೀಟಿಯಿಂದ ಮುಚ್ಚಿಕೊಂಡಿರಲಿ, ಒಂದೊಂದಾಗಿ ತೆರೆಯಲಿ. ಬೆರಳು ಅಕ್ಷರದಿಂದ ಅಕ್ಷರಕ್ಕೆ ನೆಗೆಯದೆ ಪದದ ಕೆಳಗೆ ಜಾರಿಕೊಂಡು ಹೋಗಲಿ, ಸದ್ದು ಸಹ ಹಾಗೆಯೇ ನಡುವೆ ಕಡಿಯದೆ ಹರಿಯಲಿ.

ಅಕ್ಷರಕ್ಕೂ ಮೊದಲು ಕಿವಿ ತಯಾರಾಗಬೇಕು. ಶಾಲೆ ತೆರೆದ ಮೊದಲ ನಾಲ್ಕು ವಾರ ದಿನಕ್ಕೆ ಹತ್ತು ನಿಮಿಷ ಬರೀ ಬಾಯಿ-ಕಿವಿಯ ಆಟ ಸಾಕು, ಪುಸ್ತಕ ಬೇಡ. 'ನಗರ' ಎನ್ನುತ್ತಾ ಮೂರು ಚಪ್ಪಾಳೆ. ಮರ, ಮನೆ, ಗಿಡ ಮೂರರಲ್ಲಿ ಬೇರೆ ಸದ್ದಿನಿಂದ ಶುರುವಾಗುವುದು ಯಾವುದು. 'ಅರಸ'ದಿಂದ 'ಅ' ತೆಗೆದರೆ ಉಳಿಯುವುದೇನು. ಇವು ಬಂದ ಮೇಲೆ ಕೊನೆಯ ಸದ್ದು ಬದಲಿಸುವ ಆಟ: ಮರ, ಮರಿ, ಮರೆ. 'ಮರ' ಹೇಗೆ 'ಮರಿ' ಆಯಿತು ಎಂದು ಕಿವಿಗೆ ಗೊತ್ತಾದ ಮಗುವಿಗೆ ಗುಡಿಸು ತೋರಿಸುವುದು ಐದು ನಿಮಿಷದ ಕೆಲಸ. ಕಿವಿಗೆ ಗೊತ್ತಾಗದ ಮಗುವಿಗೆ ಐದು ವಾರವೂ ಸಾಲದು.

ಇಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷ್ ಫೋನಿಕ್ಸ್ ತರಬೇತಿ ಪಡೆದ ಉತ್ಸಾಹಿಗಳು ಕನ್ನಡದಲ್ಲೂ 'ಕ್, ಅ, ಮ್, ಅ, ಲ್, ಅ' ಎಂದು ಬಿಡಿಸಲು ಹೊರಡುತ್ತಾರೆ. ಕನ್ನಡದ ಓದಿಗೆ ಅಷ್ಟು ಬಿಡಿಸುವುದು ಮೊದಲಲ್ಲಿ ಬೇಡ. ನಮ್ಮ ಲಿಪಿಯ ಘಟಕ ಅಕ್ಷರ. ಕ, ಮ, ಲ ಎಂದು ಕೂಡಿಸಿದರೆ ಪದ ಬಂತು. ವ್ಯಂಜನ ಮತ್ತು ಸ್ವರವನ್ನು ಬೇರ್ಪಡಿಸಿ ಕೇಳುವ ಅಗತ್ಯ ಬರುವುದು ಗುರುತು ಕಲಿಸುವಾಗ ಒಮ್ಮೆ, ಒತ್ತಕ್ಷರದಲ್ಲಿ ಇನ್ನೊಮ್ಮೆ. ಆಗ ತಪ್ಪದೆ ಬೇಕು, ಉಳಿದಾಗ ಅದು ಮಗುವಿನ ಸಮಯ ತಿನ್ನುತ್ತದೆ.

ಒತ್ತಕ್ಷರದ ಬಗ್ಗೆ ಹೆಚ್ಚು ಬರೆಯುತ್ತೇವೆ, ಏಕೆಂದರೆ ಅಕ್ಷರ ಬಂದ ಮಕ್ಕಳೂ ಎಡವುವುದು ಅಲ್ಲೇ. 'ಆಸ್ತಿ' ಎಂಬ ಪದವನ್ನು ಮಗುವಿನ ಕಣ್ಣಿನಿಂದ ನೋಡಿ. 'ಆ' ಇದೆ. ಆಮೇಲೆ 'ಸಿ' ಇದೆ. 'ಸಿ'ಯ ಕೆಳಗೆ 'ತ' ಒತ್ತು ಇದೆ. ಮಗು 'ಆಸಿತ' ಎನ್ನುತ್ತದೆ. ಶಿಕ್ಷಕರು 'ತಪ್ಪು, ಆಸ್ತಿ' ಎಂದು ತಿದ್ದುತ್ತಾರೆ, ಮಗು ಗಿಣಿಯಂತೆ 'ಆಸ್ತಿ' ಎನ್ನುತ್ತದೆ, ಮುಂದಿನ ಸಾಲಿನಲ್ಲಿ 'ಶಿಸ್ತು' ಬಂದಾಗ ಅದೇ ತಪ್ಪು ಮತ್ತೆ. ತಪ್ಪಿನ ಬೇರು ಇದು: ಗುಡಿಸು ಕೂತಿರುವುದು 'ಸ'ದ ಮೇಲೆ, ಅದರ ಸದ್ದು ಬರುವುದು 'ತ' ಆದ ಮೇಲೆ. ಅಷ್ಟೇ ಅಲ್ಲ, ಬಾಯಿ 'ಆಸ್, ತಿ' ಎಂದು ಒಡೆಯುತ್ತದೆ, ಬರಹ 'ಆ, ಸ್ತಿ' ಎಂದು ಒಡೆಯುತ್ತದೆ. ಬಾಯಿಗೂ ಬರಹಕ್ಕೂ ಹೊಂದಿಕೆ ತಪ್ಪುವ ಮುಖ್ಯ ಜಾಗ ಕನ್ನಡದಲ್ಲಿ ಇದೇ ಎನ್ನಬಹುದು, ಮತ್ತು ಇದನ್ನು ಮಗುವಿಗೆ ಯಾರೂ ಹೇಳಿರುವುದಿಲ್ಲ.

ಹೇಳುವ ಕ್ರಮ ಹೀಗಿರಲಿ. ಮೊದಲು ಬಾಯಲ್ಲಿ ಒಡೆಸಿ: ಆಸ್, ತಿ. ಆಮೇಲೆ ಬೋರ್ಡಿನ ಮೇಲೆ ಒಡೆದಂತೆಯೇ ಬರೆಯಿರಿ: 'ಆಸ್‌ತಿ'. ಮಗು ಇದನ್ನು ಸಲೀಸಾಗಿ ಓದುತ್ತದೆ. ಈಗ ಅದರ ಕಣ್ಣೆದುರೇ 'ತ'ವನ್ನು 'ಸ'ದ ಕೆಳಕ್ಕೆ ಇಳಿಸಿ, 'ತಿ'ಯ ಗುಡಿಸನ್ನು ಕಿತ್ತು 'ಸ'ದ ತಲೆಗೆ ಏರಿಸಿ. 'ತ ಕೆಳಗೆ ಹೋಯಿತು, ಗುಡಿಸು ಮೇಲೆ ಹೋಯಿತು, ಓದುವುದು ಮಾತ್ರ ಮೊದಲಿನಂತೆಯೇ.' ಇಂಥ ಎಂಟು ಹತ್ತು ಪದ ಮಾಡಿಸಿದರೆ ಮಗುವೇ ಚಾಕ್‌ಪೀಸ್ ಹಿಡಿದು ಒಡೆದು ತೋರಿಸುತ್ತದೆ.

ಒತ್ತುಗಳಲ್ಲೂ ಸರದಿ ಬೇಕು. ಮೊದಲು ಸಜಾತೀಯ: ಅಕ್ಕ, ಅಪ್ಪ, ಅಜ್ಜ. ಒಂದೇ ಸದ್ದು ಒತ್ತಿ ಬರುವುದನ್ನು 'ಕತೆ' ಮತ್ತು 'ಕತ್ತೆ', 'ಬಲ' ಮತ್ತು 'ಬಲ್ಲ' ಎಂದು ಜೋಡಿಯಾಗಿ ಕೇಳಿಸಿದರೆ ಮಕ್ಕಳಿಗೆ ಖುಷಿ, ಕಿವಿಗೂ ಕೆಲಸ. ಹೆಚ್ಚಿನ ಒತ್ತುಗಳು ಮೂಲಾಕ್ಷರದ ಪುಟ್ಟ ರೂಪವೇ ಆದ್ದರಿಂದ ಕಷ್ಟವಿಲ್ಲ. ತ, ನ, ಮ, ಯ, ರ, ಲ ಆರರ ಒತ್ತು ಮಾತ್ರ ಮೂಲಕ್ಕೆ ಹೋಲುವುದಿಲ್ಲ. ದುರದೃಷ್ಟಕ್ಕೆ ಅತಿ ಹೆಚ್ಚು ಬಳಕೆಯಾಗುವುದೂ ಇವೇ: ಹತ್ತು, ಅನ್ನ, ಅಮ್ಮ, ಅಯ್ಯ, ಚಕ್ರ, ಎಲ್ಲ. ಈ ಆರಕ್ಕೆ ಆರು ದಿನ ಬೇರೆ ಇಡಿ, ಗೋಡೆಯ ಮೇಲೆ ಆರು ಚೀಟಿ ಅಂಟಿಸಿ. ಬೇರೆ ಬೇರೆ ವ್ಯಂಜನ ಸೇರುವ ವಿಜಾತೀಯ ಆಮೇಲೆ. ಅರ್ಕಾವೊತ್ತು ಎಲ್ಲದರ ಕೊನೆಗೆ, ಏಕೆಂದರೆ ಮೊದಲು ಉಚ್ಚರಿಸುವ 'ರ್' ಅಲ್ಲಿ ಕೊನೆಗೆ ಬರೆದಿರುತ್ತದೆ. 'ಸೂರ್ಯ'ವನ್ನು 'ಸೂಯರ' ಎನ್ನುವ ಮಗು ಎಡದಿಂದ ಬಲಕ್ಕೆ ಓದುವ ನಿಯಮವನ್ನೇ ಪಾಲಿಸಿದೆ. ಈ ಒಂದು ಗುರುತಿಗೆ ಆ ನಿಯಮ ತಿರುಗಿಬೀಳುತ್ತದೆ ಎಂದು ಹೇಳಿಕೊಟ್ಟವರಿಲ್ಲ, ಅಷ್ಟೇ.

ಮಹಾಪ್ರಾಣಗಳನ್ನು, ಋ, ಙ, ಞ, ವಿಸರ್ಗಗಳನ್ನು ಒಂದನೇ ತರಗತಿಯ ತಲೆಯ ಮೇಲೆ ಹೇರುವ ಅಗತ್ಯ ನಮಗೆ ಕಾಣುವುದಿಲ್ಲ. ಙ, ಞ ಬರುವ ಪದ ಹುಡುಕಿಕೊಡಲು ದೊಡ್ಡವರೇ ತಡಕಾಡುತ್ತೇವೆ. ಬಹಳಷ್ಟು ಮನೆಗಳ ಆಡುಮಾತಿನಲ್ಲಿ ಮಹಾಪ್ರಾಣವಿಲ್ಲ. ಕಿವಿಗೆ ಬೀಳದ ಸದ್ದನ್ನು ಮಗು ಬರಹದಲ್ಲಿ ತೋರಿಸಲಾರದು, 'ಬಾರತ' ಎಂದೇ ಬರೆಯುತ್ತದೆ. ಅವನ್ನು ಎರಡನೇ ತರಗತಿಯ ಕೊನೆಗೆ, ಪದದ ಜೊತೆಗೆ ಕಲಿಸಿ. ದ, ಧ, ಥ ಅಥವಾ ರ, ಠ ಅಥವಾ ಪ, ಷ ಇಂಥ ಹೋಲುವ ಅಕ್ಷರಗಳು ಒಂದೇ ವಾರದಲ್ಲಿ ಬರದಂತೆ ನೋಡಿಕೊಳ್ಳಿ. ಒಂದು ಪೂರ್ತಿ ಗಟ್ಟಿಯಾಗಿ ಮೂರು ನಾಲ್ಕು ವಾರ ಕಳೆದ ಮೇಲೆ ಇನ್ನೊಂದು. ಲ ಮತ್ತು ಳ, ನ ಮತ್ತು ಣ ಹಾಗಲ್ಲ, ಅವು ಅರ್ಥವನ್ನೇ ಬದಲಿಸುತ್ತವೆ: ಹುಲಿ, ಹುಳಿ, ಬಲೆ, ಬಳೆ, ಮನೆ, ಮಣೆ. ಇವುಗಳನ್ನು ಜೋಡಿಯಲ್ಲೇ ಕೇಳಿಸಬೇಕು. ಮನೆಯಲ್ಲಿ 'ಹಾಲು'ವನ್ನು 'ಆಲು' ಎನ್ನುವ ಮಗುವಿನ ಮಾತನ್ನು ತಿದ್ದಿ ನಾಚಿಸಬೇಡಿ. ಅದು ಅದರ ಮನೆಯ ಮಾತು. 'ಬರೆಯುವಾಗ ಇಲ್ಲಿ ಹ ಇರುತ್ತದೆ' ಎಂದು ಪದವನ್ನು ತೋರಿಸಿದರೆ ಸಾಕು. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳಿಗೆ ಪದದ ಅರ್ಥ ಗೊತ್ತಿದೆಯೇ ಎಂದು ಮೊದಲು ಕೇಳಿ ಆಮೇಲೆ ಓದಿಸಬೇಕು. ಸದ್ದು ಕೂಡಿಸಿ ಪದ ಬಂದರೂ ಅದು ಗೊತ್ತಿಲ್ಲದ ಪದವಾದರೆ, ತಾನು ಓದಿದ್ದು ಸರಿಯೋ ತಪ್ಪೋ ಮಗುವಿಗೆ ತಿಳಿಯುವುದಿಲ್ಲ.

ಬರೆಸುವ ವಿಷಯ. ಒಂದು ಪುಟ ತುಂಬ 'ಅ' ಬರೆಸುವುದು ಕೈಗೆ ವ್ಯಾಯಾಮ. ಮೂರನೇ ಸಾಲಿನ ಹೊತ್ತಿಗೆ ಮಗು ಮೇಲಿನ ತನ್ನದೇ ಅಕ್ಷರ ನೋಡಿ ಚಿತ್ರ ಬಿಡಿಸುತ್ತಿರುತ್ತದೆ, ಕೊನೆಯ ಸಾಲಿನ 'ಅ' ಮೊದಲಿನದಕ್ಕಿಂತ ಕೆಟ್ಟಿರುತ್ತದೆ. ಐದೇ ಸಲ ಬರೆಯಲಿ, ಪ್ರತಿ ಸಲವೂ ಸದ್ದು ಹೇಳುತ್ತಾ ಬರೆಯಲಿ. ಆಮೇಲೆ ನೋಡದೆ ಬರೆಯಲಿ. ದಿನವೂ ಐದು ಪದದ ಉಕ್ತಲೇಖನ ಒಂದು ಪುಟ ಕಾಪಿಗಿಂತ ಮೇಲು, ಏಕೆಂದರೆ ಅಲ್ಲಿ ಮಗು ಸದ್ದಿನಿಂದ ಗುರುತಿಗೆ ಬರಬೇಕು. ಪದಗಳು ಕಲಿಸಿದ ಅಕ್ಷರ, ಗುರುತುಗಳಿಂದಲೇ ಆಗಿರಬೇಕು. ತಿದ್ದುವಾಗ ಅಡ್ಡಗೆರೆ ಎಳೆದು ಸರಿ ರೂಪ ಬರೆದುಕೊಟ್ಟರೆ ಮಗು ಕಲಿಯುವುದು ಕಡಿಮೆ. 'ನೀನು ಬರೆದದ್ದನ್ನು ಓದು' ಎನ್ನಿ. 'ಬಾವಿ' ಎಂದು ಹೇಳಿದ್ದಕ್ಕೆ 'ಬವಿ' ಎಂದು ಬರೆದ ಮಗು ತಾನೇ ಓದಿಕೊಂಡಾಗ ಅರ್ಧ ಸಲ ತಾನೇ ಇಳಿ ಹಾಕುತ್ತದೆ.

ನಲವತ್ತು ನಿಮಿಷದ ಒಂದು ಅವಧಿ ಇದ್ದರೆ, ಕಿವಿಯಾಟಕ್ಕೆ ಐದು, ಹಳೆಯ ಅಕ್ಷರಗಳ ಮಿಂಚುಪಟ್ಟಿಗೆ (ಫ್ಲ್ಯಾಶ್ ಕಾರ್ಡ್) ಐದು, ಹೊಸದಕ್ಕೆ ಎಂಟು, ಪದ ಕೂಡಿಸಿ ಓದಲು ಹತ್ತು, ಉಕ್ತಲೇಖನಕ್ಕೆ ಏಳು, ಉಳಿದ ಐದು ನಿಮಿಷ ಸಾಲು ಓದಲು. ಇದರ ಹೊರಗೆ ಇನ್ನೊಂದು ಅವಧಿ ಶಿಕ್ಷಕರು ಕತೆ ಓದಿ ಹೇಳಬೇಕು, ಮಕ್ಕಳು ಮಾತಾಡಬೇಕು. ಫೋನಿಕ್ಸ್ ಎಂದರೆ ಕತೆ ಬೇಡ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಅಮೆರಿಕದಲ್ಲಿ 2000ದಲ್ಲಿ ಬಂದ ರಾಷ್ಟ್ರೀಯ ಓದು ಸಮಿತಿಯ ವರದಿಯೂ ಸದ್ದಿನ ಅರಿವು, ಫೋನಿಕ್ಸ್, ನಿರರ್ಗಳತೆ, ಪದಸಂಪತ್ತು, ಗ್ರಹಿಕೆ ಐದನ್ನೂ ಒಟ್ಟಿಗೇ ಇಟ್ಟಿತ್ತು.

ಪುಸ್ತಕದಲ್ಲಿ ಪದದ ಪಕ್ಕದಲ್ಲೇ ಚಿತ್ರ ಅಚ್ಚು ಮಾಡುವುದರ ಬಗ್ಗೆಯೂ ಯೋಚಿಸಿ. ಚಿತ್ರ ಕಂಡ ಮಗು ಅಕ್ಷರ ನೋಡುವುದಿಲ್ಲ. 'ಗರಗಸ'ದ ಚಿತ್ರ ನೋಡಿ 'ಕತ್ತಿ' ಎನ್ನುತ್ತದೆ. ಪದ ಓದಿಯಾದ ಮೇಲೆ ಪುಟ ತಿರುಗಿಸಿದರೆ ಚಿತ್ರ ಸಿಗುವಂತಿರಲಿ. ಪಾಠ ಬಾಯಿಪಾಠವಾಗಿದೆಯೋ ಓದಿದ್ದೋ ತಿಳಿಯಲು ಸುಲಭದ ದಾರಿ, ಸಾಲಿನ ಕೊನೆಯ ಪದದಿಂದ ಹಿಂದಕ್ಕೆ ಓದಿಸುವುದು.

ಇಂಗ್ಲಿಷ್ ಬಗ್ಗೆ ಎರಡೇ ಮಾತು. ಅಲ್ಲಿ 26 ಅಕ್ಷರಕ್ಕೆ ಸುಮಾರು 44 ಸದ್ದು, ಅಕ್ಷರದ ಹೆಸರೇ ಬೇರೆ ಸದ್ದೇ ಬೇರೆ. 'ಬಿ, ಎ, ಟಿ' ಎಂದು ಎಷ್ಟು ಸಲ ಹೇಳಿದರೂ 'ಬ್ಯಾಟ್' ಆಗದು. ನಮ್ಮ ಶಿಕ್ಷಕರು ಸದ್ದು ಹೇಳಿಕೊಡುವಾಗಲೂ 'ಬ, ಆ್ಯ, ಟ' ಎನ್ನುತ್ತಾರೆ. ಕನ್ನಡದ 'ಅ' ಪ್ರತಿ ವ್ಯಂಜನಕ್ಕೂ ಅಂಟಿಕೊಂಡು ಬರುತ್ತದೆ, ಕೂಡಿಸಿದರೆ ಪದ ಆಗುವುದಿಲ್ಲ. ಇದಕ್ಕೆ ಮದ್ದು ನಮ್ಮ ಲಿಪಿಯಲ್ಲೇ ಇದೆ. ಬೋರ್ಡಿನ ಮೇಲೆ 'ಬ್', 'ಟ್' ಎಂದು ಬರೆದುಕೊಂಡು ಹೇಳಲಿ, ನಾಲಿಗೆ ತಾನಾಗಿ ಸರಿಹೋಗುತ್ತದೆ. ಕನ್ನಡದಲ್ಲಿ ಕೂಡಿಸಿ ಓದುವುದು ಗಟ್ಟಿಯಾಗುವವರೆಗೆ ಇಂಗ್ಲಿಷ್ ಮಾತು, ಹಾಡು, ಆಟದಲ್ಲಿ ಇರಲಿ, ಓದು ಆಮೇಲೆ.

ಕೊನೆಯದಾಗಿ ಅಳೆಯುವ ರೀತಿ. 2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಎಳೆಯ ಮಕ್ಕಳಿಗೆ ಓದು, ಬರಹ, ಲೆಕ್ಕ ಕಲಿಸುವ ಯೋಜನೆಯಾದ ನಿಪುಣ್ ಭಾರತ್ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದಕ್ಕೆ ಕನಿಷ್ಠ 60 ಪದ ಎಂದು ಗುರಿ ಇಟ್ಟಿದೆ. ಕನ್ನಡಕ್ಕೆ ಪದದ ಲೆಕ್ಕ ಸರಿಹೊಂದುವುದಿಲ್ಲ. ನಮ್ಮಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. 'ಆಡುತ್ತಿದ್ದವರೆಲ್ಲರೂ' ಒಂದೇ ಪದ, ಎಂಟು ಅಕ್ಷರ, ಅದರಲ್ಲಿ ಮೂರು ಒತ್ತು. 'ಬಾ' ಸಹ ಒಂದೇ ಪದ. ಯಾವ ಪಠ್ಯ ಕೊಟ್ಟಿದ್ದೇವೆ ಎಂಬುದರ ಮೇಲೆ ಅದೇ ಮಗು ಪಾಸೂ ಆಗಬಹುದು, ಫೇಲೂ ಆಗಬಹುದು. ನಿಮಿಷಕ್ಕೆ ಎಷ್ಟು ಅಕ್ಷರ ಎಂದು ಎಣಿಸಿ, ಪಠ್ಯದಲ್ಲಿ ಎಷ್ಟು ಒತ್ತಕ್ಷರ ಇದೆ ಎಂದು ಮೊದಲೇ ನಿಗದಿ ಮಾಡಿ.

ಅದಕ್ಕಿಂತ ಮುಖ್ಯವಾಗಿ, ಎಡವಿದ ಮಗು ಎಲ್ಲಿ ಎಡವಿತು ಎಂದು ತಿಳಿಸುವ ಪರೀಕ್ಷೆ ಬೇಕು. ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಮಕ್ಕಳಿಗೆ 40 ಪದ ಓದಿಸುತ್ತಾರೆ. ಅದರಲ್ಲಿ 20 ನಿಜವಾದ ಪದ, 20 ಅರ್ಥವಿಲ್ಲದವು. ಅರ್ಥವಿಲ್ಲದ ಪದವನ್ನು ಬಾಯಿಪಾಠದಿಂದ ಓದಲಾಗದು, ಸದ್ದು ಕೂಡಿಸಲೇಬೇಕು. ಕನ್ನಡಕ್ಕೆ ಇದನ್ನು ಮೂರು ನಿಮಿಷದಲ್ಲಿ ಮಾಡಬಹುದು. ಹತ್ತು ಬಿಡಿ ಅಕ್ಷರ, ಹತ್ತು ಪದ, 'ಗಾಮುರಿ', 'ಬಿದನೆ' ಎಂಬಂಥ ಐದು ಹುಸಿಪದ, ನಾಲ್ಕು ಸಾಲಿನ ಹೊಸ ಕತೆ, ಅದರ ಮೇಲೆ ಎರಡು ಪ್ರಶ್ನೆ. ಅಕ್ಷರ ಸರಿ, ಪದ ತಪ್ಪು ಎಂದರೆ ಕೂಡಿಸುವುದು ಬಂದಿಲ್ಲ. ಪದ ಸರಿ, ಹುಸಿಪದ ತಪ್ಪು ಎಂದರೆ ನೆನಪಿನಿಂದ ಹೇಳುತ್ತಿದೆ. ಹುಸಿಪದದಲ್ಲಿ ಗುರುತು ಮಾತ್ರ ತಪ್ಪಿದರೆ ಆ ಗುರುತಿಗೆ ಹಿಂದಿರುಗಿ. ಎಲ್ಲ ಸರಿ, ಕತೆ ಮಾತ್ರ ತಡವರಿಸಿದರೆ ಓದುವ ಅಭ್ಯಾಸ ಸಾಲದು. ನಿರರ್ಗಳವಾಗಿ ಓದಿ ಪ್ರಶ್ನೆಗೆ ಸುಮ್ಮನಾದರೆ ಕೊರತೆ ಇರುವುದು ಮಾತಿನಲ್ಲಿ, ಅಕ್ಷರದಲ್ಲಲ್ಲ. ಐದು ತೊಂದರೆಗೆ ಐದು ಬೇರೆ ಬೇರೆ ಮದ್ದು. ಇವತ್ತು ಎಲ್ಲಕ್ಕೂ 'ಓದಲು ಬಾರದು' ಎಂಬ ಒಂದೇ ಕಾಲಂ ಇದೆ.

ನಾಲ್ಕು, ಐದನೇ ತರಗತಿಗೆ ಬಂದೂ ಓದಲು ಬಾರದ ಮಕ್ಕಳಿಗೆ ಪರಿಹಾರ ಬೋಧನೆ ಎಂದು ಮತ್ತೆ 'ಅ ಆ ಇ ಈ' ಬರೆಸುತ್ತಾರೆ. ಆ ಮಕ್ಕಳಿಗೆ ಮೂಲಾಕ್ಷರ ಹೆಚ್ಚು ಪಾಲು ಗೊತ್ತೇ ಇರುತ್ತದೆ. ಸಿಕ್ಕಿಹಾಕಿಕೊಂಡಿರುವುದು ಗುರುತಿನಲ್ಲೋ ಒತ್ತಿನಲ್ಲೋ. ತಮಗಿಂತ ನಾಲ್ಕು ವರ್ಷ ಚಿಕ್ಕವರ ಪುಸ್ತಕ ಎದುರಿಗಿಟ್ಟರೆ ತಲೆ ತಗ್ಗಿಸಿ ಕೂರುತ್ತಾರೆ, ಬಾಯಿ ಬಿಡುವುದಿಲ್ಲ. ಮೇಲಿನ ಮೂರು ನಿಮಿಷದ ಪರೀಕ್ಷೆ ಅವರಿಗೆ ಮೊದಲು ಮಾಡಿ, ಎಲ್ಲಿ ನಿಂತಿದ್ದಾರೋ ಅಲ್ಲಿಂದ, ಅವರ ವಯಸ್ಸಿಗೆ ತಕ್ಕ ಕತೆಯೊಂದಿಗೆ ಶುರು ಮಾಡುವಂತೆ ಈ ಶೈಕ್ಷಣಿಕ ವರ್ಷದಲ್ಲೇ ಸುತ್ತೋಲೆ ಹೊರಡಿಸಿ. ಅದಕ್ಕೆ ಹೊಸ ಪುಸ್ತಕ ಅಚ್ಚಾಗುವವರೆಗೆ ಕಾಯಬೇಕಿಲ್ಲ. ಒಂದು ಹಾಳೆ, ಒಬ್ಬ ಶಿಕ್ಷಕರು, ಪ್ರತಿ ಮಗುವಿಗೆ ಮೂರು ನಿಮಿಷ ಸಾಕು.

ಇಂತಿ,
ಎಳೆಯ ಮಕ್ಕಳಿಗೆ ಓದು ಬರಹ ಕಲಿಸುವ ಕೆಲಸದಲ್ಲಿರುವವರು